ದಿನಚರಿ: ನನ್ನ ಅಳತೆ ಪುಸ್ತಕ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಕಳೆದ ತಿಂಗಳು ಗೋಷ್ಠಿ ಮುಗಿದು ಪ್ರಸಾದ ತೆಗೆದುಕೊಂಡು ಕೈ ತೊಳೆಯುತ್ತಿದ್ದೆ. ಅಪ್ಪಗಳು ಕರೆದು, "ಇಂಜಿನಿಯರ್ ಸಾಹೇಬರು ದಿನಾಲು ರಾತ್ರಿ ಏನೋ ಬರೀತಾರಂತ, ಮುಂದಿನ ತಿಂಗಳು ಅದನ್ನ ಹೇಳಲಿ" ಎಂದು ಅಪ್ಪಣೆ ಕೊಡಿಸಿದರು. ನಾನು ಗಾಬರಿಯಾದೆ. ನಾನು ಸಾಹಿತಿಯಲ್ಲ. 34 ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆಗಳ ಮೇಲೆ ತಿರುಗಿದವನು. ನಾನು ಬರೆದದ್ದೆಂದರೆ ಅಂದಾಜು ಪತ್ರಿಕೆ, ಅಳತೆ ಪುಸ್ತಕ, ಆಮೇಲೆ ಆಡಿಟ್ ಆಕ್ಷೇಪಣೆಗಳಿಗೆ ಉತ್ತರ. ಈ ಮೂರನೆಯದರಲ್ಲಿ ಸ್ವಲ್ಪ ಕಾವ್ಯ ಇರುತ್ತದೆ ಎಂದು ನಮ್ಮ ಇಲಾಖೆಯವರೇ ತಮಾಷೆ ಮಾಡುತ್ತಾರೆ.

ಆದ್ದರಿಂದ ದಿನಚರಿ ಬರೆಯುವುದರ ಮಹತ್ವ ಎಂಬ ಭಾಷಣ ನನ್ನಿಂದ ಆಗುವುದಿಲ್ಲ. ನಾನು ಬರೆಯಲು ಹೇಗೆ ಶುರು ಮಾಡಿದೆ, ಎಲ್ಲಿ ತಪ್ಪಿದೆ, ಬರೆದದ್ದರಿಂದ ನನ್ನ ಮನೆಯಲ್ಲಿ ಏನು ಹೊರಬಿತ್ತು, ಇಷ್ಟನ್ನು ಹೇಳುತ್ತೇನೆ. ಹೊರಬಿದ್ದದ್ದು ನನಗೆ ಭೂಷಣವಲ್ಲ. ಅದನ್ನು ಇಲ್ಲಿ ಹೇಳಬೇಕೋ ಬೇಡವೋ ಎಂದು ಹದಿನೈದು ದಿನ ಯೋಚಿಸಿದ್ದೇನೆ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ನನ್ನ ಮನೆಯವರು ಲಿಂಗೈಕ್ಯರಾದರು. ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ. ಮನೆಯಲ್ಲಿ ನಾನೊಬ್ಬನೇ. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನ ಪೂಜೆಯ ಹೊತ್ತಿನವರೆಗೂ ನಿದ್ದೆ ಇಲ್ಲ. ತಲೆಯಲ್ಲಿ ಹಳೆಯ ಲೆಕ್ಕಗಳು. ಎಂದೋ ಒಬ್ಬ ಮೇಲಧಿಕಾರಿ ಬೈದದ್ದು, ತಮ್ಮನ ಜೊತೆಗಿನ ಹೊಲದ ತಕರಾರು, ಆಸ್ಪತ್ರೆಗೆ ಒಂದು ವಾರ ಮೊದಲೇ ಕರೆದುಕೊಂಡು ಹೋಗಿದ್ದರೆ ಎಂಬ ಮಾತು. ಬಿ.ಪಿ. ನೋಡುವ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಕೊನೆಗೆ, "ಸರ್, ತಲೆಯೊಳಗೆ ತಿರುಗೋದನ್ನ ಕಾಗದದ ಮೇಲೆ ಇಳಿಸಿ ಮಲಗಿ ನೋಡ್ರಿ" ಅಂದರು. ನಾನು ನಕ್ಕು ಸುಮ್ಮನಾದೆ. ಜನವರಿ ಬಂತು, ಬ್ಯಾಂಕಿನವರು ಡೈರಿ ಕೊಟ್ಟರು, ಶುರು ಮಾಡಿದೆ.

ಆ ಡೈರಿ ಈಗಲೂ ಇದೆ. ಜನವರಿ 11ಕ್ಕೆ ನಿಂತಿದೆ. ಇಲ್ಲಿ ಕುಳಿತ ಬಹಳ ಜನರ ಮನೆಯಲ್ಲೂ ಅಂಥದೊಂದು ಇರಬಹುದು. ಅದರಲ್ಲಿ ಇರುವುದು ಇಷ್ಟೇ: ಐದಕ್ಕೆ ಎದ್ದೆ, ಲಿಂಗಪೂಜೆ, ವಾಯುವಿಹಾರ, ಉಪ್ಪಿಟ್ಟು. ಅದರ ಕೆಳಗೆ ಒಂದು ಉಪದೇಶ. "ಮನುಷ್ಯ ಕೋಪವನ್ನು ಗೆಲ್ಲಬೇಕು." ಯಾವ ಮನುಷ್ಯ, ಯಾರ ಮೇಲಿನ ಕೋಪ, ಏನೂ ಇಲ್ಲ. ಕೋಪಿಸಿಕೊಂಡವನು ನಾನು, ಬರೆದದ್ದು "ಮನುಷ್ಯ" ಎಂದು.

ಎರಡನೆಯ ಸಲ ಇಂಜಿನಿಯರನ ಬುದ್ಧಿ ಉಪಯೋಗಿಸಿದೆ. ಕಾಲೇಜಿನಲ್ಲಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಅವರ ಆತ್ಮಕಥೆ ಓದಿದ್ದೆ. ಮಿಂಚು ಎಂದರೆ ವಿದ್ಯುತ್ತೇ ಎಂದು ತೋರಿಸಿದ ಆ ಅಮೆರಿಕದ ಮಹನೀಯರು ಒಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದರು. ಅದರಲ್ಲಿ 13 ಗುಣಗಳಿಗೆ 13 ಸಾಲು, ವಾರದ ದಿನಗಳಿಗೆ 7 ಕಾಲಂ. ಮಿತ ಆಹಾರ, ಮೌನ, ಕ್ರಮ, ನ್ಯಾಯ, ವಿನಯ ಹೀಗೆ. ಯಾವ ಗುಣದಲ್ಲಿ ಅಂದು ತಪ್ಪಿದರೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ 4 ಸುತ್ತು. ತಾನೆಣಿಸಿದ್ದಕ್ಕಿಂತ ತನ್ನಲ್ಲಿ ತಪ್ಪುಗಳು ಬಹಳ ಇವೆ ಎಂದು ಗೊತ್ತಾಗಿ ಆಶ್ಚರ್ಯವಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಮೊದಲು 12 ಗುಣಗಳೇ ಇದ್ದವು. ನೀನು ಅಹಂಕಾರಿ ಎನ್ನುತ್ತಾರೆ ಎಂದು ಸ್ನೇಹಿತರೊಬ್ಬರು ತಿಳಿಸಿದ ಮೇಲೆ ವಿನಯವನ್ನು ಸೇರಿಸಿದರು.

ನಮ್ಮಲ್ಲಿ ಏನು ಕಡಿಮೆ ಇದೆ ಎಂದುಕೊಂಡು ನಾನು ಪಂಚಾಚಾರಗಳ ಕೋಷ್ಟಕ ಮಾಡಿದೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ. ಐದು ಸಾಲು, ತಿಂಗಳಿಗೆ 31 ಮನೆ. ಪಾಲಿಸಿದ್ದರೆ ಸರಿ ಗುರುತು, ಇಲ್ಲದಿದ್ದರೆ ಕೆಂಪು ಚುಕ್ಕೆ. ಗ್ರಾಫ್ ಕಾಗದದ ಮೇಲೆ ಸ್ಕೇಲ್ ಹಿಡಿದು ಗೆರೆ ಎಳೆದದ್ದು ಬಹಳ ಚಂದವಾಗಿತ್ತು. ನಾಲ್ಕು ತಿಂಗಳು ಒಂದು ದಿನವೂ ಬಿಡದೆ ತುಂಬಿದೆ.

ಭೃತ್ಯಾಚಾರದ ಸಾಲಿನಲ್ಲಿ ಕೆಂಪು ಚುಕ್ಕೆ ಅನೇಕ ಬಿದ್ದವು, ನನ್ನದು ಅಧಿಕಾರಿಯ ನಾಲಿಗೆ. ಸದಾಚಾರದಲ್ಲಿ ಒಂದೆರಡು. ಶಿವಾಚಾರದ ಸಾಲು ಮಾತ್ರ ಅಚ್ಚುಕಟ್ಟು. ಜಾತಿ, ಕುಲ, ಕಸುಬು ನೋಡದೆ ಎಲ್ಲರನ್ನೂ ಸಮ ಎಂದು ಕಾಣುವುದು ಶಿವಾಚಾರ ಎಂದು ಇದೇ ವೇದಿಕೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ನಾನೂ ಹೇಳಿದ್ದೇನೆ. ಆ ವರ್ಷದ ಬಸವ ಜಯಂತಿಯಲ್ಲಿ ಸಹಪಂಕ್ತಿ ಭೋಜನದ ಮೇಲೆ ನಾನೇ ಮಾತನಾಡಿದೆ, ಚಪ್ಪಾಳೆಯೂ ಬಿತ್ತು. ನಾಲ್ಕು ತಿಂಗಳಲ್ಲಿ ಶಿವಾಚಾರಕ್ಕೆ ಒಂದೂ ಕೆಂಪು ಚುಕ್ಕೆ ಇಲ್ಲ.

ಬೇಸಿಗೆ ರಜೆಗೆ ಬಂದ ಮಗಳು ಕೋಷ್ಟಕ ನೋಡಿದಳು. "ಅಪ್ಪಾಜಿ, ಇದು ಮಸ್ಟರ್ ರೋಲ್ ಆತಲ್ಲ. ಹಾಜರಿ ಅಷ್ಟೇ ಐತಿ, ಕೆಲಸ ಏನಾತು ಅನ್ನೋದ ಇಲ್ಲ" ಅಂದಳು. ಇಂಜಿನಿಯರನ ಮಗಳು, ಶಬ್ದಗಳು ಗೊತ್ತು. ನನಗೆ ಸ್ವಲ್ಪ ಸಿಟ್ಟು ಬಂತು. ಆ ದಿನ ಭೃತ್ಯಾಚಾರಕ್ಕೆ ಕೆಂಪು ಚುಕ್ಕೆ.

ಆದರೆ ಅವಳ ಮಾತು ಸರಿಯಾಗಿತ್ತು. ಮಸ್ಟರ್ ರೋಲ್ ಬೇರೆ, ಅಳತೆ ಪುಸ್ತಕ ಬೇರೆ. ನಾವು ಎಂ.ಬಿ. ಎನ್ನುವ ಈ ಪುಸ್ತಕದ ಬಗ್ಗೆ ಇಲ್ಲಿರುವ ಗುತ್ತಿಗೆದಾರ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಅದರ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರುತ್ತದೆ, ಒಂದು ಹಾಳೆಯನ್ನೂ ಹರಿಯುವಂತಿಲ್ಲ. ಕೆಲಸದ ಜಾಗದಲ್ಲೇ ನಿಂತು ಬರೆಯಬೇಕು. ತಪ್ಪಾದರೆ ಅಳಿಸುವಂತಿಲ್ಲ, ಅಕ್ಷರದ ಮೇಲೆ ಅಕ್ಷರ ತಿದ್ದುವಂತಿಲ್ಲ. ಒಂದು ಗೆರೆ ಹೊಡೆದು, ಹೊಸದಾಗಿ ಬರೆದು ಸಹಿ ಹಾಕಬೇಕು. ಹೊಡೆದು ಹಾಕಿದ್ದೂ ಓದಲು ಬರುವಂತಿರಬೇಕು. ಉದ್ದ, ಅಗಲ, ಆಳಕ್ಕಿಂತ ಮೊದಲು ವಿವರದ ಕಾಲಂ ಬರುತ್ತದೆ. ಯಾವ ಕೆಲಸ, ಎಲ್ಲಿಂದ ಎಲ್ಲಿಗೆ ಎಂಬ ವಿವರವಿಲ್ಲದ ಅಂಕಿಗೆ ಬೆಲೆಯಿಲ್ಲ. ಇನ್ನೊಂದು ಮುಖ್ಯ ನಿಯಮ, ಮಣ್ಣಿನಲ್ಲಿ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲು ಅಳೆಯಬೇಕು. ತಳಪಾಯ ತುಂಬಿ ಮಣ್ಣು ಎಳೆದ ಮೇಲೆ ಒಳಗೆ ಎಷ್ಟು ಕಾಂಕ್ರೀಟ್ ಹೋಗಿದೆ ಎಂದು ಯಾರೂ ಹೇಳಲಾರರು. ಗುತ್ತಿಗೆದಾರನ ಬಾಯಿಮಾತೇ ಲೆಕ್ಕ ಆಗುತ್ತದೆ.

ದಿನವೂ ಹಾಗೆಯೇ ಮುಚ್ಚಿಹೋಗುತ್ತದೆ. ನಾಳೆ ಬೆಳಗ್ಗೆ ಕೇಳಿದರೆ, ನಿನ್ನೆ ನಾನು ಸರಿಯಾಗಿಯೇ ನಡೆದುಕೊಂಡೆ ಎಂದು ನನ್ನೊಳಗಿನ ಗುತ್ತಿಗೆದಾರ ಬಿಲ್ ಹಾಜರುಪಡಿಸುತ್ತಾನೆ.

ಹೀಗೆ ಮೂರನೆಯ ಸಲ ಶುರು ಮಾಡಿದೆ. ತಾರೀಖು ಅಚ್ಚು ಹಾಕಿದ ಡೈರಿ ಬೇಡವೆಂದು ನೂರು ಹಾಳೆಯ ಗೆರೆ ನೋಟ್ ಬುಕ್ ತಂದೆ. ಅಚ್ಚಿನ ಡೈರಿಯಲ್ಲಿ ಎರಡು ದಿನ ತಪ್ಪಿದರೆ ಆ ಖಾಲಿ ಪುಟಗಳನ್ನು ನೋಡಿಯೇ ನಾಚಿಕೆಯಾಗಿ ಬಿಟ್ಟುಬಿಡುತ್ತೇವೆ. ಪುಟಗಳಿಗೆ ನಾನೇ ಸಂಖ್ಯೆ ಹಾಕಿದೆ. ರಾತ್ರಿ ಊಟವಾದ ಮೇಲೆ, ಟಿ.ವಿ. ಹಾಕುವ ಮೊದಲು, ಹೆಚ್ಚೆಂದರೆ ಒಂದು ಪುಟ. ಮೊದಲು ನಡೆದದ್ದು: ಯಾರು ಬಂದರು, ನಾನು ಏನು ಹೇಳಿದೆ, ಅವರು ಏನು ಹೇಳಿದರು, ಕೈ ಏನು ಮಾಡಿತು. ನನಗೆ ಏನನಿಸಿತು ಎಂಬುದು ಆಮೇಲೆ. "ಮನುಷ್ಯ" ಎಂಬ ಶಬ್ದ ನಿಷಿದ್ಧ, "ನಾನು" ಎಂದೇ ಬರೆಯಬೇಕು.

ಆರನೆಯದೋ ಏಳನೆಯದೋ ದಿನ ಇರಬೇಕು. ಅಂದು ವಿಶೇಷ ಏನೂ ಇರಲಿಲ್ಲ. ಬರೆಯಲು ಏನೂ ಇಲ್ಲದ ದಿನ ಬೆಳಗಿನಿಂದ ಒಂದೊಂದೇ ಬರೆಯುತ್ತ ಹೋಗುವುದು ಎಂದು ಇಟ್ಟುಕೊಂಡಿದ್ದೆ. ಹೀಗೆ ಬರೆದೆ: "ಬೆಳಗ್ಗೆ 8.20. ಚಹಾ ಮಾಡಿದೆ. ನನಗೆ ಸ್ಟೀಲ್ ಲೋಟದಲ್ಲಿ ಹಾಕಿಕೊಂಡೆ. ಬಾಂಡೆ ತಿಕ್ಕುವವಳಿಗೆ ಹಿತ್ತಲ ಕಿಟಕಿಯಲ್ಲಿರುವ ಕಪ್ಪಿಗೆ ಮೇಲಿಂದ ಸುರಿದೆ."

"ಮೇಲಿಂದ" ಎಂದು ಬರೆದ ಮೇಲೆ ಪೆನ್ನು ನಿಂತಿತು. ಮೇಲಿಂದ ಯಾಕೆ? ಪಾತ್ರೆ ಕಪ್ಪಿಗೆ ತಾಗಬಾರದು ಎಂದು. ಕಪ್ಪು ಹಿತ್ತಲ ಕಿಟಕಿಯಲ್ಲಿ ಯಾಕೆ? ಒಳಗಿನ ಪಾತ್ರೆಗಳ ಜೊತೆ ಸೇರಬಾರದು ಎಂದು.

ಬಂಧುಗಳೆ, ಆ ತಾಯಿ ನಮ್ಮ ಮನೆಗೆ 11 ವರ್ಷಗಳಿಂದ ಬರುತ್ತಿದ್ದರು. ಯಾವ ಓಣಿಯಿಂದ ಬರುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ, ನಿಮಗೆ ಅರ್ಥವಾಗಿದೆ. ಆ ಅಂಚು ಒಡೆದ ಕಪ್ಪು-ಬಸಿ ಅವರಿಗೇ ಎಂದು ಇಟ್ಟದ್ದು. ಅವರೇ ತೊಳೆದು ಅವರೇ ಕಿಟಕಿಯಲ್ಲಿ ಬೋರಲು ಹಾಕುತ್ತಿದ್ದರು. ಈ ಪದ್ಧತಿ ನಮ್ಮ ತಾಯಿಯ ಕಾಲದ್ದು, ನನ್ನ ಮನೆಯವರು ಮುಂದುವರಿಸಿದರು ಎಂದು ನಾನು ಹೇಳಬಹುದು. ಹೆಂಗಸರ ಮೇಲೆ ಹಾಕಿ ಪಾರಾಗಬಹುದು. ಆದರೆ ಮನೆಯವರು ಹೋದ ಮೇಲೆ ಎರಡು ವರ್ಷ ಚಹಾ ಸುರಿದದ್ದು ಈ ಕೈ. ಅಂದೇ ಹಳೆಯ ಗ್ರಾಫ್ ಕಾಗದ ತೆಗೆದು ನೋಡಿದೆ. ಆ ಕಪ್ಪು ಕಿಟಕಿಯಲ್ಲಿ ಇದ್ದ ಪ್ರತಿ ದಿನವೂ ಶಿವಾಚಾರದ ಸಾಲಿನಲ್ಲಿ ಸರಿ ಗುರುತು ಇದೆ. ನಾನು ಸುಳ್ಳು ಬರೆದಿರಲಿಲ್ಲ. ನನಗೆ ಕಂಡಿರಲೇ ಇಲ್ಲ.

ಆಗ ಫ್ರಾಂಕ್ಲಿನ್ ಮತ್ತೆ ನೆನಪಾದರು. ಆ 13 ಗುಣಗಳಲ್ಲಿ ನ್ಯಾಯ ಎಂಬ ಸಾಲೂ ಇತ್ತು ಎಂದೆನಲ್ಲ. ಅದೇ ಫ್ರಾಂಕ್ಲಿನ್ ಮನೆಯಲ್ಲಿ ಗುಲಾಮರಿದ್ದರು. ಅವರು ನಡೆಸುತ್ತಿದ್ದ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು. ಮುಪ್ಪಿನಲ್ಲಿ, 1787ರಲ್ಲಿ, ಗುಲಾಮಗಿರಿ ರದ್ದಾಗಬೇಕೆನ್ನುವ ಸಂಘಕ್ಕೆ ಅವರು ಅಧ್ಯಕ್ಷರಾದರು ಎಂಬುದನ್ನೂ ಹೇಳಬೇಕು. ಆದರೆ ಅಷ್ಟು ವರ್ಷ ಆ ಚುಕ್ಕೆಗಳ ಪುಸ್ತಕ ಅವರಿಗೆ ಅದನ್ನು ತೋರಿಸಲಿಲ್ಲ. ಗುಣದ ಹೆಸರು ಬರೆದು ಅದರ ಮುಂದೆ ಗುರುತು ಹಾಕುವಾಗ ನಮಗೆ ಮೊದಲೇ ತಪ್ಪು ಎಂದು ಗೊತ್ತಿದ್ದದ್ದು ಮಾತ್ರ ತಪ್ಪಾಗಿ ಕಾಣುತ್ತದೆ. ಅಂದಾಜು ಪತ್ರಿಕೆಯಲ್ಲಿ ಇಲ್ಲದ ಕೆಲಸ ಕೋಷ್ಟಕದಲ್ಲಿ ಬರುವುದಿಲ್ಲ, ಜಾಗಕ್ಕೆ ಹೋಗಿ ವಿವರ ಬರೆದರೆ ಬರುತ್ತದೆ.

ನಮ್ಮ ಶರಣರ ವಚನಗಳನ್ನು ನಾನು ದಿನಚರಿ ಎನ್ನುವುದಿಲ್ಲ, ಅದು ವಿದ್ವಾಂಸರ ವಿಷಯ. ಆದರೆ ಓದುವಾಗ ಒಂದು ಗಮನಿಸಿದ್ದೇನೆ. ಬಸವಣ್ಣನವರು ತಮ್ಮ ತಪ್ಪನ್ನು ಹೇಳುವಲ್ಲಿ "ಮನುಷ್ಯ" ಎಂದು ಮರೆಯಾಗುವುದಿಲ್ಲ, ತಮ್ಮನ್ನೇ ಮುಂದೆ ನಿಲ್ಲಿಸಿಕೊಳ್ಳುತ್ತಾರೆ. ಕೊನೆಗೆ ಅಂಕಿತ ಬರುತ್ತದೆ. ಕೂಡಲಸಂಗಮದೇವನೋ, ಚೆನ್ನಮಲ್ಲಿಕಾರ್ಜುನನೋ, ಗುಹೇಶ್ವರನೋ, ಒಬ್ಬ ಸಾಕ್ಷಿಯ ಎದುರು ಹೇಳಿದ ಮಾತು ಅದು. ನಮ್ಮ ಇಲಾಖೆಯಲ್ಲಿ ಕೆಳಗಿನವರು ಬರೆದ ಅಳತೆಯನ್ನು ಮೇಲಿನವರು ಜಾಗಕ್ಕೆ ಬಂದು ತಾವೇ ಟೇಪ್ ಹಿಡಿದು ತಾಳೆ ನೋಡುತ್ತಾರೆ. ಆಯ್ದಕ್ಕಿ ಮಾರಯ್ಯನವರಿಗೆ ಹಾಗೆ ತಾಳೆ ನೋಡಿದವರು ಲಕ್ಕಮ್ಮ ತಾಯಿ. ಎಂದಿಗಿಂತ ಹೆಚ್ಚು ಅಕ್ಕಿ ಬಂದ ದಿನ ಅದನ್ನು ತಿರುಗಿ ಒಯ್ಯಲು ಹೇಳಿದವರು. ಮಾರಯ್ಯನವರಿಗೆ ಚೀಲದ ಭಾರ ಗೊತ್ತಾಗಲಿಲ್ಲ, ಅವರಿಗೆ ಗೊತ್ತಾಯಿತು. ನನ್ನ ಮನೆಯವರೂ ಬಹಳ ವಿಷಯದಲ್ಲಿ ನನ್ನ ಲೆಕ್ಕ ತಾಳೆ ನೋಡುತ್ತಿದ್ದರು. ಈ ಕಪ್ಪಿನ ವಿಷಯದಲ್ಲಿ ನಾವಿಬ್ಬರೂ ಕುರುಡರು.

ಮರುದಿನ ಏನಾಯಿತು ಎಂದು ಹೇಳಬೇಕು. ನಾನು ಸ್ಟೀಲ್ ಲೋಟದಲ್ಲಿ ಚಹಾ ಹಾಕಿ ಮುಂದೆ ಹಿಡಿದೆ. ಅವರು ಗಾಬರಿಯಾಗಿ ಕಿಟಕಿಯ ಕಡೆ ನೋಡಿದರು.

"ನನ್ನ ಕಪ್ಪು ಒಡೀತೇನ್ರೀ ಸಾಹೇಬ್ರ?"

"ಇಲ್ಲ ತಂಗೆವ್ವ, ಇನ್ನ ಮ್ಯಾಲೆ ಇದರಾಗ ಕುಡಿ" ಅಂದೆ.

ಲೋಟ ತೆಗೆದುಕೊಂಡರು. ಹಿತ್ತಲಿಗೆ ಹೋಗಿ ಲೋಟದಿಂದ ಆ ಕಪ್ಪಿಗೆ ಚಹಾ ಸುರಿದುಕೊಂಡು ಕುಡಿದರು. ಲೋಟ ತೊಳೆದು, ತಮ್ಮ ಕೈಯಿಂದ ಒಳಗೆ ಇಡದೆ ಹೊಸ್ತಿಲ ಮೇಲೆ ಇಟ್ಟು ಹೋದರು. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ನಾನು ಕಪ್ಪನ್ನು ತೆಗೆದು ಕಸಕ್ಕೆ ಹಾಕಿದೆ. ಅದನ್ನೂ ಅವರನ್ನು ಕೇಳದೆ ಮಾಡಿದೆ ಎಂದು ಆ ದಿನದ ಪುಟದಲ್ಲಿ ಬರೆದಿದ್ದೇನೆ.

ಇನ್ನು ನನ್ನ ಕಡೆಯದು. ಲೋಟಗಳೆಲ್ಲ ಒಂದೇ ಸ್ಟ್ಯಾಂಡಿನಲ್ಲಿ ಸೇರಿದವು. ಬೆಳಗ್ಗೆ ನನ್ನ ಕೈ ಅವರು ಕುಡಿದ ಲೋಟವನ್ನು ಬಿಟ್ಟು ಪಕ್ಕದ್ದನ್ನು ತೆಗೆದುಕೊಳ್ಳುತ್ತಿತ್ತು. ಬುದ್ಧಿ ಹೇಳುತ್ತಿರಲಿಲ್ಲ, ಕೈಯೇ ಮಾಡುತ್ತಿತ್ತು. 60 ವರ್ಷದ ಅಭ್ಯಾಸ ಕೈಯಲ್ಲಿರುತ್ತದೆ. ಒಂಬತ್ತು ದಿನ ಹಾಗಾಯಿತು, ಒಂಬತ್ತು ದಿನವೂ ಬರೆದೆ. ಬರೆಯದಿದ್ದರೆ ಲೋಟ ಬದಲಿಸಿದೆ ಎಂಬುದಷ್ಟೇ ನೆನಪಿನಲ್ಲಿ ಉಳಿದು, ಇನ್ನೊಂದು ಬಸವ ಜಯಂತಿಯಲ್ಲಿ ಅದನ್ನೇ ಹೇಳಿ ಚಪ್ಪಾಳೆ ತೆಗೆದುಕೊಳ್ಳುತ್ತಿದ್ದೆ. ಏಕವಚನದ ವಿಷಯವೂ ಹಾಗೆಯೇ ಬರೆದಾಗ ಕಂಡದ್ದು. ನನಗಿಂತ ಹನ್ನೆರಡು ಹದಿಮೂರು ವರ್ಷ ಸಣ್ಣವರು ಅಷ್ಟೇ, ಮೊಮ್ಮಕ್ಕಳನ್ನು ಕಂಡವರು. ನಾನು "ಬಾ, ಹೋಗು" ಎನ್ನುತ್ತಿದ್ದೆ. ಬಹುವಚನ ಶುರು ಮಾಡಿದಾಗ ಅವರು ನನ್ನನ್ನು ನೋಡಿ, ಸಾಹೇಬರಿಗೆ ಆರಾಮಿಲ್ಲ ಎಂದು ತಿಳಿದರು.

ನಿದ್ದೆಯ ಮಾತು ಮರೆಯಬಾರದು, ಡಾಕ್ಟರು ಹೇಳಿದ್ದು ಅದಕ್ಕೇ. ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಯೊಂದಿಗೆ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 46 ಕಾಲೇಜು ವಿದ್ಯಾರ್ಥಿಗಳಿಗೆ 4 ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ಸಾಧಾರಣ ವಿಷಯ ಬರೆದರು, ಕೆಲವರು ಜೀವನದ ನೋವಿನ ಘಟನೆ ಬರೆದರು. ನೋವಿನ ಘಟನೆಯನ್ನೂ ಅದರ ಬಗ್ಗೆ ತಮಗೆ ಅನಿಸಿದ್ದನ್ನೂ ಕೂಡಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಹಗುರಾಗಿರಲಿಲ್ಲ, ಇನ್ನೂ ಭಾರವಾಗಿತ್ತು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಆಮೇಲೆ ಇಂಥ ಪ್ರಯೋಗಗಳು ಬಹಳ ನಡೆದಿವೆ. ಎಲ್ಲವನ್ನೂ ಕೂಡಿಸಿ ನೋಡಿದರೆ ಲಾಭ ಇದೆ, ಆದರೆ ಸಣ್ಣದು, ಎಲ್ಲರಿಗೂ ಒಂದೇ ಸಮ ಅಲ್ಲ. ಬರೆದರೆ ಬಿ.ಪಿ. ಗುಳಿಗೆ ಬಿಡಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸದಾಗಿ ದೊಡ್ಡ ದುಃಖ ಆದವರು ಒಂಟಿಯಾಗಿ ಕುಳಿತು ಅದನ್ನೇ ಬರೆಯುವುದೂ ಬೇಡ. ಅಂಥವರಿಗೆ ಮೊದಲು ಪಕ್ಕದಲ್ಲಿ ಒಬ್ಬರು ಮನುಷ್ಯರು ಬೇಕು.

ಬರಹ ಕೆಡುವುದೂ ಉಂಟು. ತಮ್ಮನ ಹೊಲದ ತಕರಾರು ಎಂದೆನಲ್ಲ, ಅದನ್ನು ಸತತ ಹನ್ನೆರಡು ದಿನ ಬರೆದೆ. ಹನ್ನೆರಡನೆಯ ದಿನ ಓದಿದರೆ ಅದು ದಿನಚರಿಯಾಗಿರಲಿಲ್ಲ, ಕೋರ್ಟಿಗೆ ಹಾಕುವ ಅರ್ಜಿಯಾಗಿತ್ತು. ಸಿಟ್ಟು ಇಳಿದಿರಲಿಲ್ಲ, ಮಾತುಗಳು ಚೂಪಾಗಿದ್ದವು ಅಷ್ಟೇ. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಒಂದೇ ದೂರು ಮೂರು ದಿನ ಬಂದರೆ ನಾಲ್ಕನೆಯ ದಿನ ಅದನ್ನು ಎದುರಿನವರ ಬಾಯಿಂದ ಬರೆಯಬೇಕು. ತಮ್ಮನಾಗಿ ಬರೆದೆ. "ಅಣ್ಣ ಓದಿ ಇಂಜಿನಿಯರ್ ಆದ. ಅಪ್ಪನ ಮುಪ್ಪಿನ ಕಾಲಕ್ಕೆ ಮನೆಯಲ್ಲಿ ಇದ್ದವನು ನಾನು" ಎಂದು ಮೊದಲ ಸಾಲೇ ಬಂತು. ತಕರಾರು ಬಗೆಹರಿದಿಲ್ಲ. ದೀಪಾವಳಿಗೆ ಫೋನು ಮಾಡಿದೆ, ಎತ್ತಿದ.

ಶುರು ಮಾಡಬೇಕೆನ್ನುವವರು ಒಂದೇ ಕೇಳುತ್ತಾರೆ, ಮನೆಯವರು ಓದಿದರೆ? ನಾನು ಬೀಗ ಹಾಕುವುದಿಲ್ಲ. ಮೊದಲ ಪುಟದಲ್ಲಿ ಮಗಳಿಗೆ ಬರೆದಿಟ್ಟಿದ್ದೇನೆ, ನಾನು ಹೋದ ಮೇಲೆ ಓದು, ಬೇಕಾದರೆ ಸುಡು ಎಂದು. ಆದರೂ ಯಾರೋ ಓದುತ್ತಾರೆ ಎಂದು ಗೊತ್ತಿದ್ದರೆ ಕೈ ಅಲಂಕಾರ ಮಾಡಲು ಹೋಗುತ್ತದೆ. ಹೊಸಬರು ಬೀಗ ಹಾಕಿಕೊಳ್ಳುವುದೇ ಒಳ್ಳೆಯದು. ಮೂರು ಸಾಲು ಬರೆದರೂ ಸಾಕು. ತಪ್ಪಿದ ದಿನ ತಪ್ಪಿತು, ನಾಳೆ ಎರಡೂ ದಿನದ್ದು ಕೂಡಿಸಿ ಬರೆಯಲು ಹೋಗಬೇಡಿ, ಅದು ಜಾಗಕ್ಕೆ ಹೋಗದೆ ಬರೆದ ಅಳತೆ. ಬರೆಯಲು ಬಾರದ ಹಿರಿಯರಿಗೆ ಮೊಬೈಲಿನಲ್ಲಿ ಮಾತನಾಡಿ ಇಡಿ ಎಂದು ಹೇಳಿದ್ದೆ. ಅಕ್ಕನ ಬಳಗದ ಒಬ್ಬ ತಾಯಿ ಪೂಜೆ ಮುಗಿಸಿ ಕರಸ್ಥಲದ ಲಿಂಗದ ಎದುರೇ ಅಂದಿನದನ್ನು ಬಾಯಿಬಿಟ್ಟು ಹೇಳುತ್ತಾರಂತೆ. ಅದು ನನ್ನದಕ್ಕಿಂತ ಮೇಲು ಎಂದು ನನಗನಿಸುತ್ತದೆ.

ಈಗ ನನ್ನ ಹತ್ತಿರ ಒಂಬತ್ತು ನೋಟ್ ಬುಕ್ ಇವೆ. ಇಲ್ಲಿಗೆ ಬರುವ ಮೊದಲು ಹೋದ ಚಳಿಗಾಲದ ಒಂದು ಪುಟ ತೆಗೆದು ನೋಡಿದೆ. ಅಂದು ಚಹಾ ಕುಡಿಯುತ್ತ ಆ ತಾಯಿ ಕೇಳಿದ್ದರು, "ಅವ್ವಾರು ಇದ್ದಾಗ ಯಾಕ ಕೊಡಲಿಲ್ರೀ ಲೋಟದಾಗ?" ಸಿಟ್ಟಿನಿಂದ ಕೇಳಿದ್ದಲ್ಲ. ಅವರ ಪ್ರಶ್ನೆಯನ್ನು ಹಾಗೆಯೇ ಬರೆದಿದ್ದೇನೆ. ಅದರ ಕೆಳಗೆ ಉತ್ತರಕ್ಕೆಂದು ಬಿಟ್ಟ ಜಾಗ ಇನ್ನೂ ಖಾಲಿ ಇದೆ.

ಮೊನ್ನೆ ಬುಧವಾರದ ಪುಟವನ್ನು ಓದಿ ಮುಗಿಸುತ್ತೇನೆ. "8.15. ಚಹಾ. ಅವರು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಕುಡಿದರು. ನಾನು ಅಡುಗೆಮನೆಯ ಕುರ್ಚಿಯ ಮೇಲೆ ಕುಳಿತಿದ್ದೆ. ಇನ್ನೊಂದು ಕುರ್ಚಿ ಖಾಲಿ ಇತ್ತು. ಒಳಗೆ ಬನ್ನಿ ಎಂದು ನಾನು ಇಂದೂ ಕರೆಯಲಿಲ್ಲ."